ಮೃತ್ಯುಪತ್ರದ ಕಾನೂನು: ಸಂಶೋಧನೆ ವರ್ತಕನ ಮನೆಬಾಗಿಲಿಗೆ ಬರಲಿ

ಪ್ರತಿದಿನದ ಜಮಾ-ಖರ್ಚನ್ನು ತಪ್ಪದೆ ಬರೆದಿಡುವ ವರ್ತಕನು, ತನ್ನ ನಂತರ ತನ್ನ ಆಸ್ತಿ ಯಾರಿಗೆ, ಹೇಗೆ ಸೇರಬೇಕೆಂಬ ಒಂದು ಪುಟವನ್ನು ಬರೆಯುವುದನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೂಡುತ್ತಲೇ ಹೋಗುತ್ತಾನೆ. ಬರೆದರೂ ಅದನ್ನು ಕಾನೂನು ನೋಡಿ ಬರೆಯುವುದು ವಿರಳ. ನೆರೆಯ ಅಂಗಡಿಯವರು ಹೇಳಿದ್ದು, ಬೀಗರ ಮನೆಯಲ್ಲಿ ನಡೆದದ್ದು ಇವೇ ಅವನಿಗೆ ಆಧಾರ. ಲೆಕ್ಕದಲ್ಲಿ ನೂರು ರೂಪಾಯಿ ಹೆಚ್ಚುಕಡಿಮೆಯಾದರೆ ರಾತ್ರಿಯೆಲ್ಲ ಹುಡುಕುವ ಮನುಷ್ಯ, ಜೀವಮಾನದ ಗಳಿಕೆಯ ವಿಷಯದಲ್ಲಿ ಕೇಳಿದ ಮಾತನ್ನು ಪರೀಕ್ಷಿಸದೆ ನಂಬುವುದು ವಿಚಿತ್ರವಾದರೂ ಸತ್ಯ.

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸೋಣ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಅಂಗಡಿ ಮತ್ತು ಅದರ ಹಿಂದೆಯೇ ಮನೆ. ಖಾನಾಪುರ ತಾಲೂಕಿನಲ್ಲಿ ತಂದೆಯ ಕಾಲದಿಂದ ಬಂದ ಭತ್ತದ ಗದ್ದೆ. ಮುಂಬೈಯಲ್ಲಿ ಒಂದು ಸಣ್ಣ ಫ್ಲ್ಯಾಟ್. ತಮ್ಮನೊಡನೆ ಇಬ್ಬರೇ ಪಾಲುದಾರರಾಗಿರುವ ಹಂಚಿನ ವ್ಯಾಪಾರ. ಮದುವೆಗೆ ಮುನ್ನ ಮಾಡಿಸಿದ ಒಂದು ಜೀವವಿಮಾ ಪಾಲಿಸಿ. ಇಷ್ಟು ಆಸ್ತಿಯುಳ್ಳ ಹಿಂದೂ ವರ್ತಕನೊಬ್ಬ ತೀರಿಕೊಂಡಿದ್ದಾನೆ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಕಪಾಟು ತೆರೆದಾಗ ಒಂದು ಹಾಳೆ ದೊರೆಯುತ್ತದೆ. ಇಬ್ಬರು ಸಾಕ್ಷಿದಾರರ ಸಹಿಯಿರುವ, ನೋಂದಣಿಯಾಗದ ಮೃತ್ಯುಪತ್ರವದು. ಆಸ್ತಿಯೆಲ್ಲ ಮಗನಿಗೆ ಸೇರತಕ್ಕದ್ದೆಂದು ಅದರಲ್ಲಿ ಬರೆದಿದೆ.

ಆ ಕ್ಷಣದಿಂದ ಮನೆಯಲ್ಲಿ ಐದು ಮಾತುಗಳು ಹುಟ್ಟುತ್ತವೆ. ನೋಂದಣಿಯಾಗಿಲ್ಲ, ಆದ್ದರಿಂದ ಈ ಕಾಗದ ನಡೆಯದು ಎಂದು ಅಳಿಯನು ಹೇಳುತ್ತಾನೆ. ಮದುವೆಯಾಗಿ ಹೋದ ಮಗಳಿಗೆ ಗದ್ದೆಯಲ್ಲಿ ಪಾಲೆಲ್ಲಿದೆ ಎಂದು ಮಗನು ಕೇಳುತ್ತಾನೆ. ವಿಮೆಗೆ ನಾಮಿನಿ ನಾನೇ, ಹಣ ನನ್ನದೇ ಎಂದು ಮೃತನ ತಾಯಿ ಹೇಳುತ್ತಾಳೆ. ಅಣ್ಣ ಹೋದ ಮೇಲೆ ವ್ಯಾಪಾರವೆಲ್ಲ ನನ್ನದೇ ಎಂದು ತಮ್ಮನು ವಾದಿಸುತ್ತಾನೆ. ಬೆಳಗಾವಿ ಹಿಂದೆ ಮುಂಬೈ ಪ್ರಾಂತದಲ್ಲಿತ್ತು, ಆದ್ದರಿಂದ ಪ್ರೊಬೇಟ್ ಇಲ್ಲದೆ ಏನೂ ಆಗದು ಎಂದು ಊರಿನ ಹಿರಿಯರೊಬ್ಬರು ತೀರ್ಮಾನಿಸುತ್ತಾರೆ. ಈ ಐದು ಮಾತುಗಳಲ್ಲಿ ಒಂದೂ ಕಾನೂನಿನ ಪರೀಕ್ಷೆಯಲ್ಲಿ ಹಾಗೆಯೇ ಉಳಿಯುವುದಿಲ್ಲ. ಗಮನಾರ್ಹ ಸಂಗತಿಯೆಂದರೆ, ಐದಕ್ಕೂ ಉತ್ತರ ಇಂದು ಅಂತರ್ಜಾಲದಲ್ಲಿ ಒಂದು ಪೈಸೆಯ ಖರ್ಚಿಲ್ಲದೆ ದೊರೆಯುತ್ತದೆ. ಹಾಗಿದ್ದರೂ ಅದು ಕ್ಯಾಂಪಿನ ಅಂಗಡಿಗೂ ಖಾನಾಪುರದ ಹೊಲಕ್ಕೂ ತಲುಪಿಲ್ಲ.

ಐದು ಮಾತು, ಐದು ಉತ್ತರ

ಮೊದಲನೆಯದು ನೋಂದಣಿ. 1908ರ ನೋಂದಣಿ ಕಾಯಿದೆಯ ಕಲಂ 18ರ ಪ್ರಕಾರ ಮೃತ್ಯುಪತ್ರದ ನೋಂದಣಿ ಐಚ್ಛಿಕ. ಅದನ್ನು ಮುದ್ರಾಂಕ ಕಾಗದದ ಮೇಲೆ ಬರೆಯಬೇಕಾಗಿಯೂ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಕಲಂ 63 ಬೇಡುವುದು ಬರೆದವನ ಸಹಿ ಮತ್ತು ಇಬ್ಬರು ಸಾಕ್ಷಿದಾರರ ದೃಢೀಕರಣ. ಆದರೆ ನೋಂದಣಿ ಬೇಕಿಲ್ಲವೆಂದ ಮಾತ್ರಕ್ಕೆ ಕಾಗದವು ತಾನಾಗಿಯೇ ಸಿದ್ಧವಾಗುವುದಿಲ್ಲ. ವಿವಾದ ಬಂದಾಗ ಸಾಕ್ಷಿದಾರರಲ್ಲಿ ಒಬ್ಬರಾದರೂ ನ್ಯಾಯಾಲಯದ ಮುಂದೆ ನಿಂತು ಅದನ್ನು ರುಜುವಾತುಪಡಿಸಬೇಕು.

ಈ ವಿಷಯದಲ್ಲಿ ಇಡೀ ಭಾರತಕ್ಕೆ ಮಾರ್ಗದರ್ಶಿಯಾದ ತೀರ್ಪು ಕನ್ನಡನಾಡಿನಿಂದಲೇ ಹೋದದ್ದೆಂಬುದನ್ನು ಬಹಳ ಜನ ಅರಿಯರು. ಅದೇ ಮೈಸೂರು ಹೈಕೋರ್ಟಿನಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಪ್ರಕರಣ. 1958ರ ನವೆಂಬರಿನಲ್ಲಿ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರರು ಬರೆದ ಆ ತೀರ್ಪು, 1945ರಲ್ಲಿ ವೃದ್ಧ ಮಹಿಳೆಯೊಬ್ಬರು ಬರೆಸಿದರೆನ್ನಲಾದ ಮೃತ್ಯುಪತ್ರವನ್ನು ಮಾನ್ಯ ಮಾಡಲಿಲ್ಲ. ಮೃತ್ಯುಪತ್ರವನ್ನು ಮುಂದೊಡ್ಡುವವನೇ ಅದರ ತಯಾರಿಕೆಯಲ್ಲಿ ಮುಂದಾಳಾಗಿದ್ದು, ಲಾಭವೂ ಅವನ ಕಡೆಗೇ ಹರಿದರೆ ಅದು ಸಂದೇಹಾಸ್ಪದ ಸನ್ನಿವೇಶ; ಆ ಸಂದೇಹವನ್ನು ನಿವಾರಿಸುವ ಹೊಣೆ ಅವನದೇ. ಸಹಿ ನಡುಗಿರುವುದು, ಮನಸ್ಸು ದುರ್ಬಲವಾಗಿರುವುದು, ಸಹಜ ವಾರಸುದಾರರನ್ನು ಕಾರಣವಿಲ್ಲದೆ ಹೊರಗಿಡುವುದು ಇವೂ ಅದೇ ಸಾಲಿಗೆ ಸೇರುತ್ತವೆ. ನಮ್ಮ ಉದಾಹರಣೆಯ ಮಗನು ತಂದೆಯ ಕಾಗದವನ್ನು ತಾನೇ ಬರೆಸಿದ್ದರೆ, ಅಳಿಯನು ಕೇಳಬೇಕಾದ ಪ್ರಶ್ನೆ ನೋಂದಣಿಯದಲ್ಲ, ಇದು.

ಎರಡನೆಯದು ಮಗಳ ಪಾಲು. ಸ್ವಯಾರ್ಜಿತ ಆಸ್ತಿಯನ್ನು ತಂದೆ ತನಗಿಷ್ಟ ಬಂದವರಿಗೆ ಬರೆದುಕೊಡಬಹುದು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಕಲಂ 30ರಂತೆ ತನ್ನ ಪಾಲನ್ನಷ್ಟೇ ಬರೆದುಕೊಡಬಲ್ಲನು. ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ತಂದು, ಅದಕ್ಕೆ ಮುನ್ನ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಜನ್ಮತಃ ಹಕ್ಕು ನೀಡಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ 2005ರಲ್ಲಿ ಬದುಕಿದ್ದನೋ ಇಲ್ಲವೋ ಎಂಬ ತಕರಾರನ್ನು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬರುವುದರಿಂದ ತಂದೆ ಬದುಕಿರಬೇಕೆಂಬ ನಿಯಮವಿಲ್ಲ. ಆದ್ದರಿಂದ ಖಾನಾಪುರದ ಗದ್ದೆ ಪಿತ್ರಾರ್ಜಿತವಾಗಿದ್ದರೆ, ಕಪಾಟಿನ ಹಾಳೆ ಮಗಳ ಪಾಲನ್ನು ಮುಟ್ಟಲಾರದು.

ಗದ್ದೆಯ ಮೂಲ ಬೇರೆಯಾಗಿದ್ದರೆ ಕಾನೂನೂ ಬೇರೆ. ಕುಟುಂಬವು ಗೇಣಿದಾರನಾಗಿ ಭೂಮಿ ಪಡೆದಿದ್ದರೆ 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯನ್ನು ನೋಡಬೇಕು. ಜಮಖಂಡಿ ಭೂನ್ಯಾಯಮಂಡಳಿಯ ಆದೇಶದಿಂದ ಹೊರಟ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ, ಗೇಣಿ ಹಕ್ಕನ್ನು ಕುಟುಂಬದ ಹೊರಗಿನವರಿಗೆ ಮೃತ್ಯುಪತ್ರದ ಮೂಲಕ ಕೊಡಲಾಗದೆಂದು ಹೇಳಿತು. ಮಂಜೂರಾದ ಭೂಮಿಯನ್ನು ನಿರ್ಬಂಧದ ಅವಧಿಯೊಳಗೆ ಹಾಗೆ ಕೊಡುವುದೂ ಸಲ್ಲದೆಂದು 2004ರಲ್ಲಿ ಸ್ಪಷ್ಟವಾಯಿತು. ಇನ್ನು ಉತಾರದಲ್ಲಿ ಹೆಸರು ಏರಿತೆಂದ ಕೂಡಲೇ ಒಡೆತನ ಸಿದ್ಧವಾಯಿತೆಂಬ ನಂಬಿಕೆಯೂ ಸರಿಯಲ್ಲ. ವಾರಸಾ ನೋಂದು ಕಂದಾಯ ವಸೂಲಿಯ ದಾಖಲೆ. ಮೃತ್ಯುಪತ್ರದ ಬಗ್ಗೆ ತಕರಾರಿದ್ದರೆ ಹಕ್ಕನ್ನು ನಿರ್ಣಯಿಸುವುದು ದಿವಾಣಿ ನ್ಯಾಯಾಲಯ.

ಮೂರನೆಯದು ನಾಮಿನಿ. ನಾಮಿನಿಯು ಹಣ ಪಡೆಯುವ ಕೈ ಮಾತ್ರ, ಒಡೆಯನಲ್ಲವೆಂದು ಜೀವವಿಮೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 1983ರಲ್ಲಿ, ಶೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲಿ ತೀರ್ಪು ನೀಡಿತು. 2015ರಲ್ಲಿ ವಿಮಾ ಕಾಯಿದೆಗೆ ತಿದ್ದುಪಡಿಯಾಗಿ ಸಮೀಪ ಬಂಧುವಾದ ನಾಮಿನಿಗೆ ವಿಶೇಷ ಸ್ಥಾನ ದೊರೆತ ಮೇಲೆ ಮತ್ತೆ ಗೊಂದಲ ಹುಟ್ಟಿತು. ಮದುವೆಗೆ ಮುನ್ನ ತಾಯಿಯನ್ನು ನಾಮಿನಿ ಮಾಡಿ, ಮದುವೆಯ ನಂತರ ಬದಲಿಸದೆ ತೀರಿಕೊಂಡವರೊಬ್ಬರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2025ರಲ್ಲಿ, ವಾರಸುದಾರರು ಹಕ್ಕು ಕೇಳಿದಾಗ ಉತ್ತರಾಧಿಕಾರದ ಕಾನೂನೇ ನಡೆಯುವುದೆಂದು ಹೇಳಿದೆ. ಬೆಳಗಾವಿ ಜಿಲ್ಲೆ ಅದೇ ಪೀಠದ ವ್ಯಾಪ್ತಿಗೆ ಸೇರಿರುವುದರಿಂದ ಈ ತೀರ್ಪು ಇಲ್ಲಿನ ಪ್ರತಿ ಮನೆಗೂ ಸಂಬಂಧಿಸಿದ್ದು. ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸುವ ಅವಕಾಶ 2025ರ ನವೆಂಬರ್ 1ರಿಂದ ಬಂದಿದೆ. ಇದು ಅನುಕೂಲವೇ ಹೌದು. ಆದರೆ ಮೃತ್ಯುಪತ್ರಕ್ಕೆ ಪರ್ಯಾಯವಲ್ಲ.

ನಾಲ್ಕನೆಯದು ಪಾಲುದಾರಿಕೆ. 1932ರ ಪಾಲುದಾರಿಕೆ ಕಾಯಿದೆಯ ಕಲಂ 42ರಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ ಪಾಲುದಾರನ ಮರಣದಿಂದ ಫರ್ಮು ವಿಸರ್ಜನೆಯಾಗುತ್ತದೆ. ಇಬ್ಬರೇ ಇದ್ದು ಒಬ್ಬನು ತೀರಿಕೊಂಡರೆ ಮುಂದುವರಿಸುವ ಕರಾರಿದ್ದರೂ ಉಪಯೋಗವಿಲ್ಲ, ಏಕೆಂದರೆ ಉಳಿದ ಒಬ್ಬನಿಂದ ಪಾಲುದಾರಿಕೆ ಆಗಲಾರದು. 1965ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಇದನ್ನು ಹೇಳಿದೆ. ಆದ್ದರಿಂದ ತಮ್ಮನು ಮರಣದ ದಿನದವರೆಗಿನ ಲೆಕ್ಕ ಮಾಡಿ ಅಣ್ಣನ ಬಂಡವಾಳ ಮತ್ತು ಲಾಭದ ಪಾಲನ್ನು ವಾರಸುದಾರರಿಗೆ ಒಪ್ಪಿಸಬೇಕು. ಜಿ.ಎಸ್.ಟಿ. ನೋಂದಣಿಯನ್ನು ಹೊಸದಾಗಿ ಪಡೆದು, ಉಳಿದ ಹೂಡುವಳಿ ತೆರಿಗೆಯ ಜಮೆಯನ್ನು ಐ.ಟಿ.ಸಿ.-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಮೃತನ ಆದಾಯ ತೆರಿಗೆ ಬಾಕಿಗೆ ವಾರಸುದಾರರು ತಮಗೆ ಬಂದ ಆಸ್ತಿಯ ಮಿತಿಯವರೆಗೆ ಹೊಣೆಗಾರರು.

ಐದನೆಯದು ಪ್ರೊಬೇಟ್. ಮೃತ್ಯುಪತ್ರವು ನೈಜವೆಂದು ನ್ಯಾಯಾಲಯ ನೀಡುವ ಪ್ರಮಾಣಪತ್ರವೇ ಪ್ರೊಬೇಟ್. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದದ್ದು ನಿಜ. ಆದರೆ ಹಿಂದೂಗಳ ಮೃತ್ಯುಪತ್ರಕ್ಕೆ ಪ್ರೊಬೇಟ್ ಕಡ್ಡಾಯವಾಗಿದ್ದುದು ಮುಂಬೈ ಮತ್ತು ಮದ್ರಾಸ್ ಹೈಕೋರ್ಟುಗಳ ಮೂಲ ದಿವಾಣಿ ವ್ಯಾಪ್ತಿಯ ನಗರಗಳಲ್ಲಿ ಹಾಗೂ ಹಿಂದಿನ ಬಂಗಾಳ ಪ್ರದೇಶದಲ್ಲಿ, ಇಲ್ಲವೇ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದಂತೆ. ಕ್ಯಾಂಪಿನ ಅಂಗಡಿಗೆ ಅದು ಎಂದೂ ಕಡ್ಡಾಯವಾಗಿರಲಿಲ್ಲ. ಮುಂಬೈಯ ಫ್ಲ್ಯಾಟಿಗೆ ಕಡ್ಡಾಯವಾಗಿತ್ತು. ಈಗ ಅದೂ ಬದಲಾಗಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯಿದೆಯು ಉತ್ತರಾಧಿಕಾರ ಕಾಯಿದೆಯ ಕಲಂ 213ನ್ನೇ ಕೈಬಿಟ್ಟಿದೆ. ಬೇಕೆಂದವರು ಈಗಲೂ ಪ್ರೊಬೇಟ್ ಪಡೆಯಬಹುದು; ವಿವಾದದ ಸಂಭವವಿದ್ದಲ್ಲಿ ಪಡೆಯುವುದೇ ಲೇಸು.

ಸಂಶೋಧನೆಯಿಂದ ಕಾನೂನಿಗೆ

ಈ ಕೊನೆಯ ಬದಲಾವಣೆಯ ಹಿನ್ನೆಲೆ ಬೋಧಪ್ರದವಾಗಿದೆ. ಕಲಂ 213ನ್ನು ಕೈಬಿಡಬೇಕೆಂದು ಭಾರತೀಯ ಕಾನೂನು ಆಯೋಗವು 2008ರಲ್ಲಿಯೇ ತನ್ನ 209ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು. ಕೆಲವು ನಗರಗಳಿಗೆ ಮತ್ತು ಕೆಲವು ಸಮುದಾಯಗಳಿಗೆ ಮಾತ್ರ ಹೊರಿಸಿದ ಈ ಭಾರಕ್ಕೆ ಇಂದು ಅರ್ಥವಿಲ್ಲವೆಂಬುದು ಅದರ ಸಾರ. ವರದಿಯು ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿತ್ತು. ಹದಿನೇಳು ವರ್ಷಗಳ ನಂತರ ಅದು ಕಾನೂನಾಯಿತು. ಹಾಗೆಯೇ ಆಯೋಗದ 2000ದ 174ನೆಯ ವರದಿಯು ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ತೂಗಿನೋಡಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕನ್ನು ಸೂಚಿಸಿತು. 2005ರ ತಿದ್ದುಪಡಿ ಅದರ ಫಲ.

ಇನ್ನೂ ಫಲಿಸದ ಶಿಫಾರಸುಗಳೂ ಇವೆ. ಮದುವೆಯಾದ ಮೂರೇ ತಿಂಗಳಲ್ಲಿ ಹಾವು ಕಚ್ಚಿ ಪತಿ ತೀರಿಕೊಂಡ ಬಳಿಕ ತವರಿನಲ್ಲಿ ಓದಿ, ನೌಕರಿ ಮಾಡಿ, ಹಣ ಕೂಡಿಸಿದ ಮಹಿಳೆಯೊಬ್ಬರು 1996ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡರು. ಸಾಕಿದ ತವರಿಗೆ ಆ ಹಣ ಸೇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ ಕಲಂ 15ರಂತೆ ಅದು ಪತಿಯ ಸಹೋದರಿಯ ಮಕ್ಕಳಿಗೆ ಸೇರಿತೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಹೇಳಬೇಕಾಯಿತು. ಅನುಕಂಪದಿಂದ ಕಾನೂನು ಬದಲಾಗದೆಂದೂ ಅದು ಹೇಳಿತು. ಇಂತಹ ಆಸ್ತಿಯ ನಿಯಮವನ್ನು ತಿದ್ದಬೇಕೆಂದು ಕಾನೂನು ಆಯೋಗವು 2008ರ 207ನೆಯ ವರದಿಯಲ್ಲಿ ಸೂಚಿಸಿದೆ. ಕಾನೂನು ಬದಲಾಗುವವರೆಗೆ ಮಹಿಳೆಗೆ ಇರುವ ರಕ್ಷಣೆ ಒಂದೇ: ಎರಡು ಸಾಕ್ಷಿಗಳ ಒಂದು ಹಾಳೆ. ಅಂಗಡಿಯನ್ನು ತಾನೇ ನಡೆಸುವ, ಹಪ್ಪಳ-ಶಂಡಿಗೆಯ ಉದ್ಯಮ ಕಟ್ಟಿದ ಮಹಿಳೆಯರಿಗೆ ಈ ತೀರ್ಪು ಗೊತ್ತಿರಬೇಡವೇ?

ಬೆಳಗಾವಿ ಜಿಲ್ಲೆಗೆ ಮೃತ್ಯುಪತ್ರದ ಮಹತ್ವ ಹೊಸದಲ್ಲ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಸಂಸ್ಥಾನದ ಸಂಪತ್ತನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮುಡಿಪಾಗಿಟ್ಟರು. ವಾರಸಿಕೆಯ ವ್ಯಾಜ್ಯಗಳನ್ನು ದಾಟಿ ಆ ಇಚ್ಛೆ ವಿಶ್ವಸ್ಥ ನಿಧಿಯಾಗಿ ನೆಲೆಗೊಂಡಿತು. ಅದರ ನೆರವಿನಿಂದ ತಲೆಮಾರುಗಳ ವಿದ್ಯಾರ್ಥಿಗಳು ಓದಿದರು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಆರಂಭಿಸಿದ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಸರಿಯಾಗಿ ಬರೆದ ಒಂದು ಕಾಗದ ಬರೆದವನ ಆಯುಸ್ಸನ್ನು ಮೀರಿ ಎಷ್ಟು ಕೆಲಸ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷಿ ಬೇಕಿಲ್ಲ.

ಕ್ಯಾಂಪಿನ ವಿಶೇಷ, ಗೋವೆಯ ಗಡಿ

ಕ್ಯಾಂಪಿನ ಆಸ್ತಿಗೆ ಒಂದು ವೈಶಿಷ್ಟ್ಯವಿದೆ. ಬ್ರಿಟಿಷರ ಕಾಲದಲ್ಲಿ ಸ್ಥಾಪಿತವಾದ ದಂಡು ಪ್ರದೇಶವಾದ್ದರಿಂದ ಇಲ್ಲಿನ ಜಾಗಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಗುತ್ತಿಗೆಯವು, ಕೆಲವು ಓಲ್ಡ್ ಗ್ರಾಂಟ್ ಎನಿಸುವ ಹಳೆಯ ಅನುದಾನದವು, ಕೆಲವು ಪೂರ್ಣ ಖಾಸಗಿ ಒಡೆತನದವು. ಹಳೆಯ ಅನುದಾನದ ಜಾಗದಲ್ಲಿ ಭೂಮಿ ಸರಕಾರದ್ದು, ಕಟ್ಟಡ ಮಾತ್ರ ನಿವಾಸಿಯದು. ಇದು ದಂಡಿನ ಜನರಲ್ ಲ್ಯಾಂಡ್ ರಿಜಿಸ್ಟರಿನಲ್ಲಿ, ಅಂದರೆ ಜಿ.ಎಲ್.ಆರ್.ನಲ್ಲಿ ನಮೂದಾಗಿರುತ್ತದೆ. ತನಗಿಲ್ಲದ ಹಕ್ಕನ್ನು ಯಾರೂ ಮೃತ್ಯುಪತ್ರದಲ್ಲಿ ಬರೆದುಕೊಡಲಾರರು. ‘ನನ್ನ ಜಾಗ ಮತ್ತು ಮನೆ’ ಎಂದು ಬರೆದರೆ ಜಾಗ ಮಗನದಾಗುವುದಿಲ್ಲ. ಆದ್ದರಿಂದ ಕ್ಯಾಂಪಿನ ನಿವಾಸಿ ಮೃತ್ಯುಪತ್ರ ಬರೆಯುವ ಮುನ್ನ ಮೊದಲು ಪಡೆಯಬೇಕಾದದ್ದು ಜಿ.ಎಲ್.ಆರ್. ಉತಾರ ಮತ್ತು ಗುತ್ತಿಗೆ ಪತ್ರದ ಪ್ರತಿ. ಬೇರೆಡೆ ಪ್ರಕಟವಾದ ಮೃತ್ಯುಪತ್ರದ ಮಾದರಿಯನ್ನು ಇಲ್ಲಿ ಹಾಗೆಯೇ ನಕಲು ಮಾಡುವುದು ಅಪಾಯಕರ.

ಎರಡನೆಯ ವೈಶಿಷ್ಟ್ಯ ಇಲ್ಲಿನ ಜನ. ಕ್ಯಾಂಪಿನಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಕುಟುಂಬಗಳು ಒಂದೇ ಬೀದಿಯಲ್ಲಿ ವ್ಯಾಪಾರ ಮಾಡುತ್ತವೆ. ಆದರೆ ಉತ್ತರಾಧಿಕಾರದ ಕಾನೂನು ಮನೆಯಿಂದ ಮನೆಗೆ ಬದಲಾಗುತ್ತದೆ. ಮುಸ್ಲಿಮನು ಸಾಮಾನ್ಯವಾಗಿ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಬರೆದುಕೊಡಲಾರನು. ಕ್ರೈಸ್ತರಲ್ಲಿ ಮೃತ್ಯುಪತ್ರಕ್ಕೆ ಸಾಕ್ಷಿ ಹಾಕಿದವರಿಗೆ ಅದೇ ಪತ್ರದಲ್ಲಿ ಕೊಟ್ಟ ಕೊಡುಗೆ ನಿಲ್ಲುವುದಿಲ್ಲ. ಬರೆದ ನಂತರ ಮದುವೆಯಾದರೆ ಹಿಂದಿನ ಮೃತ್ಯುಪತ್ರವೇ ರದ್ದಾಗುತ್ತದೆ. ಹಿಂದೂಗಳಿಗೆ ಈ ಎರಡು ನಿಯಮಗಳು ಅನ್ವಯಿಸುವುದಿಲ್ಲ. ಹಾಗೆಂದು ಲಾಭ ಪಡೆಯುವವರನ್ನೇ ಸಾಕ್ಷಿ ಹಾಕಿಸಿದರೆ ಸಂದೇಹಕ್ಕೆ ಎಡೆಯಾಗುವುದು ತಪ್ಪದು.

ಮೂರನೆಯದು ಗೋವೆಯ ನೆರೆ. ಖಾನಾಪುರದ ಗಡಿ ದಾಟಿದರೆ ಗೋವಾ. ಅಲ್ಲಿ ಪೋರ್ತುಗೀಜ್ ನಾಗರಿಕ ಸಂಹಿತೆಯ ಪರಂಪರೆ 2012ರ ಗೋವಾ ಉತ್ತರಾಧಿಕಾರ ಕಾಯಿದೆಯ ರೂಪದಲ್ಲಿ ಮುಂದುವರಿದಿದೆ. ಮಕ್ಕಳಿರುವ ವ್ಯಕ್ತಿ ಅಲ್ಲಿ ತನ್ನ ಆಸ್ತಿಯ ಅರ್ಧಕ್ಕಿಂತ ಹೆಚ್ಚನ್ನು ಅವರನ್ನು ಬಿಟ್ಟು ಬೇರೆಯವರಿಗೆ ಬರೆದುಕೊಡುವಂತಿಲ್ಲ. ಗೋವೆಯಲ್ಲಿ ಕಾಯಂ ನೆಲೆಯುಳ್ಳವರ ಆಸ್ತಿ ಭಾರತದ ಬೇರೆಡೆ ಇದ್ದರೂ ಇದೇ ನಿಯಮ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರ ಸೆಪ್ಟೆಂಬರಿನಲ್ಲಿ ಹೇಳಿದೆ. ಅಂದರೆ ಮಡಗಾಂವದ ನಿವಾಸಿಯೊಬ್ಬರು ಕ್ಯಾಂಪಿನಲ್ಲಿ ಮನೆ ಹೊಂದಿದ್ದು, ಅದನ್ನು ಇಲ್ಲಿನವರೊಬ್ಬರು ಮೃತ್ಯುಪತ್ರದ ಆಧಾರದ ಮೇಲೆ ಮಾರಲು ಬಂದರೆ, ಕೊಳ್ಳುವ ವರ್ತಕನು ಗೋವೆಯ ಕಾನೂನನ್ನೂ ವಿಚಾರಿಸಬೇಕು.

ಮುಕ್ತ ಭಂಡಾರಗಳು

ಒಂದು ಕಾಲದಲ್ಲಿ ಈ ತೀರ್ಪುಗಳನ್ನು ಓದಲು ದೊಡ್ಡ ವಕೀಲರ ಕಪಾಟಿನಲ್ಲಿದ್ದ ದುಬಾರಿ ಸಂಪುಟಗಳೇ ಗತಿಯಾಗಿದ್ದವು. ಇಂದು ಪರಿಸ್ಥಿತಿ ಬೇರೆ. ಕೇಂದ್ರದ ಮತ್ತು ರಾಜ್ಯಗಳ ಕಾಯಿದೆಗಳು ಸರಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿವೆ. 2008ರಲ್ಲಿ ಆರಂಭವಾದ ಇಂಡಿಯನ್ ಕಾನೂನ್ ತಾಣದಲ್ಲಿ ತೀರ್ಪುಗಳನ್ನು ಉಚಿತವಾಗಿ ಹುಡುಕಬಹುದು. ಸರ್ವೋಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿ ತನ್ನ ಅಧಿಕೃತ ವರದಿಗಳನ್ನೇ ಇ-ಎಸ್.ಸಿ.ಆರ್. ಎಂಬ ಹೆಸರಿನಲ್ಲಿ ಮುಕ್ತಗೊಳಿಸಿತು. ಆಯ್ದ ತೀರ್ಪುಗಳ ಕನ್ನಡ ಅನುವಾದಗಳೂ ಪ್ರಕಟವಾಗುತ್ತಿವೆ. ಕಾನೂನು ಆಯೋಗದ ವರದಿಗಳೆಲ್ಲ ಮುಕ್ತ.

ಪಾಂಡಿತ್ಯಪೂರ್ಣ ಸಂಶೋಧನೆಯೂ ಅದೇ ದಾರಿ ಹಿಡಿದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯ ನಂತರ ಪಿಎಚ್.ಡಿ. ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಭಂಡಾರದಲ್ಲಿ ಸೇರತೊಡಗಿದವು. ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ ಎಸ್.ಎಸ್.ಆರ್.ಎನ್. ಭಂಡಾರದಲ್ಲಿ ವಿದ್ವಾಂಸರು ತಮ್ಮ ಬರಹಗಳನ್ನು ನಿಯತಕಾಲಿಕದಲ್ಲಿ ಅಚ್ಚಾಗುವ ಮುನ್ನವೇ ಇರಿಸುತ್ತಾರೆ. ಮೃತ್ಯುಪತ್ರ, ವಿಶ್ವಸ್ಥ ನಿಧಿ, ಉತ್ತರಾಧಿಕಾರಗಳ ಕಾನೂನಿಗೂ ಅಲ್ಲಿ ಸ್ಥಾನವಿದೆ. ಬರೆದವರಿಗೆ ವಿಮರ್ಶೆ ಬೇಗ ದೊರೆಯುತ್ತದೆ. ಓದುವವರಿಗೆ ಚಂದಾ ಹಣ ಉಳಿಯುತ್ತದೆ.

ಎಚ್ಚರಿಕೆಯೂ ಅವಶ್ಯ

ಆದರೆ ಮುಕ್ತವಾದುದೆಲ್ಲ ವಿಶ್ವಾಸಾರ್ಹವಲ್ಲ. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಬೆಂಗಳೂರು ಪೀಠವು ಟ್ರಸ್ಟ್ ಒಂದರ ತೆರಿಗೆ ಪ್ರಕರಣದಲ್ಲಿ ನೀಡಿದ ಆದೇಶವೊಂದು ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿತ್ತು. ಅದು ಬೆಳಕಿಗೆ ಬಂದೊಡನೆ ಆದೇಶವನ್ನು ಹಿಂಪಡೆಯಲಾಯಿತು. ನ್ಯಾಯಾಧಿಕರಣದ ಮಟ್ಟದಲ್ಲಿಯೇ ಹೀಗಾಗಬಹುದಾದರೆ, ಕೃತಕ ಬುದ್ಧಿಮತ್ತೆಯನ್ನು ಕೇಳಿ ಮೃತ್ಯುಪತ್ರ ಬರೆಯುವ ಸಾಮಾನ್ಯನ ಗತಿಯೇನು? ತೀರ್ಪಿನ ಹೆಸರು ಮತ್ತು ವರ್ಷ ದೊರೆತ ಕೂಡಲೇ ಅಧಿಕೃತ ತಾಣದಲ್ಲಿ ಮೂಲವನ್ನು ತೆರೆದು ನೋಡುವುದು ಕಡ್ಡಾಯವೆಂದೇ ಭಾವಿಸಬೇಕು.

ಎರಡನೆಯ ಎಚ್ಚರಿಕೆ ದೇಶದ್ದು. ಹೊರದೇಶದ ಲೇಖನಗಳಲ್ಲಿ ಉತ್ತರಾಧಿಕಾರ ತೆರಿಗೆಯನ್ನು ತಪ್ಪಿಸುವ ಟ್ರಸ್ಟುಗಳ ವರ್ಣನೆ ಬಹಳ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರ ಮಾರ್ಚಿನಲ್ಲಿಯೇ ರದ್ದಾಗಿದೆ. ವಾರಸಿಕೆಯಿಂದ ಬಂದ ಆಸ್ತಿಯನ್ನು ಪಡೆದವನ ಆದಾಯವೆಂದು ಪರಿಗಣಿಸುವುದಿಲ್ಲ. ಮುಂದೆ ಅದನ್ನು ಮಾರಿದಾಗ ಬಂಡವಾಳ ಲಾಭದ ತೆರಿಗೆ ಬರುತ್ತದೆ; ಆಗ ಹಿಂದಿನ ಒಡೆಯನಿಗೆ ತಗಲಿದ ವೆಚ್ಚವೇ ಲೆಕ್ಕದ ಆಧಾರ. ಆದ್ದರಿಂದ ತಂದೆಯ ಹಳೆಯ ಖರೀದಿ ಪತ್ರ ಮೃತ್ಯುಪತ್ರದಷ್ಟೇ ಬೆಲೆಯುಳ್ಳದ್ದು. ಇಲ್ಲದ ತೆರಿಗೆಗೆ ಹೆದರಿ ಟ್ರಸ್ಟ್ ರಚಿಸುವುದು ವ್ಯರ್ಥ. ಅಂಗವಿಕಲ ಮಗುವಿನ ಪಾಲನೆ, ಅಪ್ರಾಪ್ತ ಮಕ್ಕಳ ರಕ್ಷಣೆ, ವ್ಯಾಪಾರದ ಅಖಂಡತೆ ಮುಂತಾದ ನೈಜ ಉದ್ದೇಶಗಳಿದ್ದರೆ 1882ರ ಭಾರತೀಯ ವಿಶ್ವಸ್ಥ ಕಾಯಿದೆಯ ಅಡಿಯ ಖಾಸಗಿ ಟ್ರಸ್ಟ್ ಉಪಯುಕ್ತ.

ಆಗಬೇಕಾದುದೇನು

ಭಂಡಾರಗಳು ತುಂಬಿದ್ದರೂ ಅಲ್ಲಿನ ಭಾಷೆ ಬಹುಪಾಲು ಇಂಗ್ಲಿಷ್, ಅದೂ ವಕೀಲರ ಇಂಗ್ಲಿಷ್. ಪ್ರಬಂಧ ಬರೆದವರು ಅದನ್ನು ಭಂಡಾರಕ್ಕೆ ಸೇರಿಸಿದಾಗ ಅವರ ಕೆಲಸ ಅರ್ಧ ಮಾತ್ರ ಮುಗಿದಂತೆ. ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯ 1939ರಿಂದ ಕಾನೂನು ಕಲಿಸುತ್ತಿದೆ. ಹುಬ್ಬಳ್ಳಿಯಲ್ಲಿ 2009ರಿಂದ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಪ್ರತಿಯೊಂದು ಪ್ರಬಂಧದೊಡನೆ ಎರಡು ಪುಟದ ಕನ್ನಡ ಸಾರಾಂಶವನ್ನು ಸೇರಿಸುವ ಪರಿಪಾಠ ಬೆಳೆದರೆ, ವಾಣಿಜ್ಯ ಸಂಸ್ಥೆಗಳು ಅದನ್ನು ತಮ್ಮ ಸದಸ್ಯರಿಗೆ ತಲುಪಿಸುವ ಹೊಣೆ ಹೊತ್ತರೆ, ಅಂಗಡಿಯ ಗಲ್ಲೆಗೂ ಸಂಶೋಧನೆಗೂ ನಡುವಿನ ಅಂತರ ಬಹಳಷ್ಟು ಕುಗ್ಗುವುದು. ಓಲ್ಡ್ ಗ್ರಾಂಟ್ ಜಾಗಗಳ ವಾರಸಿಕೆ, ಗಡಿ ತಾಲೂಕುಗಳಲ್ಲಿ ಗೋವೆಯ ಕಾನೂನಿನ ಪರಿಣಾಮ ಇಂತಹ ಸ್ಥಳೀಯ ವಿಷಯಗಳನ್ನು ಇಲ್ಲಿನ ವಿದ್ಯಾರ್ಥಿಗಳೇ ಅಧ್ಯಯನಕ್ಕೆ ಎತ್ತಿಕೊಳ್ಳುವುದು ಯುಕ್ತ.

ವರ್ತಕರು ತಮ್ಮ ಮಟ್ಟಿಗೆ ಈಗಲೇ ಮಾಡಬಹುದಾದ ಕ್ರಮಗಳು ಹೀಗಿವೆ:

1. ಆಸ್ತಿಯ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಅದು ಸ್ವಯಾರ್ಜಿತವೋ, ಪಿತ್ರಾರ್ಜಿತವೋ, ಗುತ್ತಿಗೆಯದೋ, ಗೇಣಿ ಹಕ್ಕಿನದೋ ಎಂದು ಬರೆಯುವುದು. ಕ್ಯಾಂಪಿನ ಆಸ್ತಿಗೆ ಜಿ.ಎಲ್.ಆರ್., ಖಾನಾಪುರದ ಹೊಲಕ್ಕೆ ಉತಾರ ಮತ್ತು ಹಳೆಯ ಫೇರಫಾರಗಳನ್ನು ಜೋಡಿಸುವುದು.

2. ಬ್ಯಾಂಕ್, ವಿಮೆ, ಶೇರುಗಳ ನಾಮಿನಿ ಹೆಸರುಗಳನ್ನು ಮೃತ್ಯುಪತ್ರದೊಡನೆ ತಾಳೆ ನೋಡುವುದು. ಮದುವೆ, ಜನನ, ಮರಣದ ಪ್ರಸಂಗಗಳಲ್ಲಿ ತಿದ್ದುವುದು.

3. ಲಾಭ ಪಡೆಯದ, ವಯಸ್ಸಿನಲ್ಲಿ ತಮಗಿಂತ ಚಿಕ್ಕವರಾದ ಇಬ್ಬರನ್ನು ಸಾಕ್ಷಿದಾರರನ್ನಾಗಿ ಮಾಡುವುದು. ಯಾವುದೇ ವಾರಸುದಾರರಿಗೆ ಕಡಿಮೆ ಕೊಟ್ಟಿದ್ದರೆ ಕಾರಣವನ್ನು ಮೃತ್ಯುಪತ್ರದಲ್ಲಿಯೇ ತಿಳಿಸುವುದು.

4. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಲೇಸು. ಗುಟ್ಟಾಗಿಡಬೇಕೆನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಠೇವಣಿ ಇಡಬಹುದು.

5. ಇಬ್ಬರೇ ಪಾಲುದಾರರಿರುವ ಫರ್ಮುಗಳು ಮೂರನೆಯವರನ್ನು ಸೇರಿಸಿಕೊಳ್ಳುವ ಅಥವಾ ಎಲ್.ಎಲ್.ಪಿ. ಆಗಿ ಪರಿವರ್ತಿಸುವ ಬಗ್ಗೆ ಯೋಚಿಸುವುದು.

6. ಅಂತರ್ಜಾಲದಲ್ಲಿ ಓದಿದ ತೀರ್ಪಿನ ಪ್ರತಿಯನ್ನು ಕೈಯಲ್ಲಿ ಹಿಡಿದು ವಕೀಲರನ್ನು ಕಾಣುವುದು. ಓದು ಸಲಹೆಗೆ ಬದಲಿಯಲ್ಲ. ಆದರೆ ಸರಿಯಾದ ಪ್ರಶ್ನೆ ಕೇಳುವ ಶಕ್ತಿಯನ್ನು ಕೊಡುತ್ತದೆ.

ಮತ್ತೆ ಆ ಕಾಲ್ಪನಿಕ ಮನೆಗೆ ಬಂದರೆ, ಕಾನೂನಿನ ಉತ್ತರ ಯಾರಿಗೂ ಪೂರ್ಣ ಗೆಲುವಲ್ಲ. ಕ್ಯಾಂಪಿನ ಸ್ವಯಾರ್ಜಿತ ಕಟ್ಟಡ ಮತ್ತು ಮುಂಬೈಯ ಫ್ಲ್ಯಾಟ್, ಕಾಗದ ರುಜುವಾತಾದರೆ, ಮಗನಿಗೆ ಸೇರುತ್ತವೆ. ಗದ್ದೆಯಲ್ಲಿ ಮಗಳ ಪಾಲು ಉಳಿಯುತ್ತದೆ. ತಮ್ಮನು ಲೆಕ್ಕ ಒಪ್ಪಿಸುತ್ತಾನೆ. ತಾಯಿ ವಿಮೆಯ ಹಣವನ್ನು ಪಡೆದರೂ ಅದು ಯಾರಿಗೆ ಸಲ್ಲಬೇಕೆಂಬುದನ್ನು ಮೃತ್ಯುಪತ್ರ ಮತ್ತು ಉತ್ತರಾಧಿಕಾರದ ಕಾನೂನು ನಿರ್ಧರಿಸುತ್ತವೆ. ವಿಧವೆಯ ಹೆಸರು ಆ ಹಾಳೆಯಲ್ಲಿ ಎಲ್ಲಿಯೂ ಇಲ್ಲ. ಬರೆಯುವ ದಿನ ಯಾರೂ ಅದನ್ನು ಕೇಳಿರಲಿಲ್ಲ. ಮೃತನು ಬದುಕಿದ್ದಾಗ ಈ ಉತ್ತರಗಳು ಅವನ ಕೈಗೆ ತಲುಪಿದ್ದರೆ, ಆ ಸಾಲನ್ನು ಅವನೇ ಸೇರಿಸುತ್ತಿದ್ದನು. ಐದು ಮಾತುಗಳಲ್ಲಿ ಒಂದೂ ಹುಟ್ಟುತ್ತಿರಲಿಲ್ಲ. ಜ್ಞಾನ ಮುಕ್ತವಾಗಿದೆ. ಅದನ್ನು ಕನ್ನಡದಲ್ಲಿ, ಕಾಲಕ್ಕೆ ಸರಿಯಾಗಿ ಮನೆಮನೆಗೆ ತಲುಪಿಸುವುದು ವಿದ್ವಾಂಸರ, ವೃತ್ತಿಪರರ ಹಾಗೂ ವಾಣಿಜ್ಯ ಸಂಸ್ಥೆಗಳ ಕೂಡು ಜವಾಬ್ದಾರಿಯಾಗಿದೆ.